ಹೆಡ್‌ಫೋನ್‌ಗೆ ಆಂಪ್ಲಿಫೈಯರ್ ಬೇಕೇ? ದುಡ್ಡು ಕೊಡುವ ಮುನ್ನ ಈ ಎರಡು ಅಂಕಿ ನೋಡಿ

ಆನ್‌ಲೈನ್‌ನಲ್ಲಿ ಹತ್ತಾರು ವಿಮರ್ಶೆ ಓದಿ, ತಿಂಗಳುಗಟ್ಟಲೆ ದುಡ್ಡು ಕೂಡಿಟ್ಟು ಒಳ್ಳೆಯದೊಂದು ಹೆಡ್‌ಫೋನ್ ತರಿಸಿದ್ದಾಯಿತು. ಡಬ್ಬ ಬಿಚ್ಚಿ ಫೋನಿಗೆ ಸಿಕ್ಕಿಸಿ ವಾಲ್ಯೂಮ್ ಪೂರ್ತಿ ಏರಿಸಿದರೂ ದನಿ ಪಕ್ಕದ ಮನೆಯಿಂದ ಬಂದಂತೆ ಕೇಳುತ್ತದೆ. ಗೆಳೆಯರನ್ನು ವಿಚಾರಿಸಿದರೆ ಸಿಗುವ ಉತ್ತರ ಒಂದೇ: 'ಇದಕ್ಕೆ ಆಂಪ್ ಬೇಕು ಮಾರಾಯ'. ಸರಿ, ಎಂಥ ಆಂಪ್, ಎಷ್ಟು ಶಕ್ತಿಯದ್ದು, ಎಷ್ಟು ಬೆಲೆಯದ್ದು ಎಂದು ಮುಂದುವರಿದು ಕೇಳಿದರೆ ಒಬ್ಬೊಬ್ಬರದು ಒಂದೊಂದು ರಾಗ. ಕೊನೆಗೆ ಹೆಡ್‌ಫೋನ್‌ಗಿಂತ ಹೆಚ್ಚು ಬೆಲೆಯ ಪೆಟ್ಟಿಗೆಯೊಂದು ಮೇಜಿನ ಮೇಲೆ ಬಂದು ಕೂರುತ್ತದೆ. ದನಿ ಜೋರಾಗುತ್ತದೆ ನಿಜ, ಆದರೆ ಅಷ್ಟು ಜೋರು ಸಾವಿರ ರೂಪಾಯಿ ಆಸುಪಾಸಿನ ಡಾಂಗಲ್‌ನಲ್ಲೇ ಸಿಗುತ್ತಿತ್ತೇನೋ ಎಂಬ ಪ್ರಶ್ನೆಯನ್ನು ಯಾರೂ ಕೇಳಿಕೊಂಡಿರುವುದಿಲ್ಲ.

ಈ ಲೆಕ್ಕ ಅಂದಾಜಿನ ಮೇಲೆ ನಡೆಯಬೇಕಾದ್ದೇ ಇಲ್ಲ. ಹೆಡ್‌ಫೋನ್ ಡಬ್ಬದ ಮೇಲೆ ಅಚ್ಚಾಗಿರುವ ಎರಡು ಅಂಕಿ ಮತ್ತು ನೀವು ಕೇಳುವ ಸಂಗೀತದ ಸ್ವಭಾವ, ಇಷ್ಟು ಗೊತ್ತಿದ್ದರೆ ಎಷ್ಟು ಶಕ್ತಿ ಬೇಕೆಂಬುದು ಕಾಗದದ ಮೇಲೆಯೇ ತಿಳಿದುಬಿಡುತ್ತದೆ.

ಮೊದಲು ಯಾರಿಗೆ ಬೇಡ ಎಂಬುದನ್ನು ಹೇಳಿಬಿಡುವುದು ಒಳ್ಳೆಯದು. ಬ್ಲೂಟೂತ್ ಇಯರ್‌ಬಡ್ ಅಥವಾ ವೈರ್‌ಲೆಸ್ ಹೆಡ್‌ಫೋನ್ ಬಳಸುವವರಿಗೆ ಬೇಡ. ಅವುಗಳೊಳಗೇ ಪುಟ್ಟ ಆಂಪ್ಲಿಫೈಯರ್ ಇರುತ್ತದೆ, ಹೊರಗಿನದನ್ನು ಜೋಡಿಸಲು ದಾರಿಯೂ ಇಲ್ಲ. ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್‌ಗೆ ವೈರ್ ಹಾಕಿದರೂ ಹಲವು ಮಾದರಿಗಳಲ್ಲಿ ಸಿಗ್ನಲ್ ಹಾದುಹೋಗುವುದು ಅದೇ ಒಳಗಿನ ಆಂಪ್ ಮೂಲಕ. ಇನ್ನು ಸ್ಟಾಕ್ಸ್ ಕಂಪನಿಯದ್ದರಂಥ ಎಲೆಕ್ಟ್ರೋಸ್ಟಾಟಿಕ್ ಹೆಡ್‌ಫೋನ್‌ಗಳ ಕಥೆಯೇ ಬೇರೆ. ಅವಕ್ಕೆ 580 ವೋಲ್ಟ್ ಬಯಾಸ್ ಕೊಡುವ ವಿಶೇಷ ಪೆಟ್ಟಿಗೆ ಬೇಕು, ಮಾಮೂಲಿ ಆಂಪ್ ಕೆಲಸಕ್ಕೆ ಬಾರದು. ಈ ಲೇಖನ ವೈರ್ ಇರುವ ಸಾಮಾನ್ಯ ಹೆಡ್‌ಫೋನ್ ಮತ್ತು ಕಿವಿಯೊಳಗೆ ಕೂರುವ ಇಯರ್‌ಫೋನ್ ಬಳಸುವವರಿಗೆ.

ಆ ಎರಡು ಅಂಕಿ ಯಾವುವು?

ಒಂದು ಇಂಪೀಡೆನ್ಸ್. ಅಂದರೆ ವಿದ್ಯುತ್ ಹರಿವಿಗೆ ಹೆಡ್‌ಫೋನ್ ಒಡ್ಡುವ ತಡೆ, ಇದನ್ನು ಓಮ್‌ನಲ್ಲಿ ಹೇಳುತ್ತಾರೆ. ಇನ್ನೊಂದು ಸೆನ್ಸಿಟಿವಿಟಿ. ಇಷ್ಟು ವಿದ್ಯುತ್ ಕೊಟ್ಟರೆ ಇಷ್ಟು ಡೆಸಿಬಲ್ ಸದ್ದು ಬರುತ್ತದೆ ಎಂಬ ಲೆಕ್ಕ ಅದು.

ಅಪಾರ್ಟ್‌ಮೆಂಟಿನ ಓವರ್‌ಹೆಡ್ ಟ್ಯಾಂಕ್ ನೆನಪಿಸಿಕೊಂಡರೆ ವಿಷಯ ಸುಲಭ. ಪೈಪ್ ಸಣ್ಣದಿದ್ದರೆ ನೀರು ನುಗ್ಗಿಸಲು ಒತ್ತಡ ಬೇಕು, ಆದರೆ ಹರಿಯುವ ನೀರು ಸ್ವಲ್ಪವೇ. ಪೈಪ್ ದಪ್ಪಗಿದ್ದರೆ ಒತ್ತಡ ಕಡಿಮೆಯಿದ್ದರೂ ಸಾಕು, ಆದರೆ ಟ್ಯಾಂಕಿನಲ್ಲಿ ನೀರು ಧಾರಾಳವಾಗಿರಬೇಕು. ಹೆಚ್ಚು ಓಮ್‌ನ ಹೆಡ್‌ಫೋನ್ ಸಣ್ಣ ಪೈಪ್ ಇದ್ದಂತೆ, ಅದು ವೋಲ್ಟೇಜ್ ಕೇಳುತ್ತದೆ. ಕಡಿಮೆ ಓಮ್‌ನದ್ದು ದಪ್ಪ ಪೈಪ್, ಅದು ಕರೆಂಟ್ ಕೇಳುತ್ತದೆ. ಫೋನಿನ ಪುಟ್ಟ ಬ್ಯಾಟರಿಯಿಂದ ನಡೆಯುವ ಸರ್ಕ್ಯೂಟ್‌ಗೆ ಹೆಚ್ಚು ವೋಲ್ಟೇಜ್ ಎತ್ತುವುದು ಕಷ್ಟ. ಹಾಗಾಗಿಯೇ 300 ಓಮ್ ಹೆಡ್‌ಫೋನ್ ಫೋನಿನಲ್ಲಿ ಮೆಲ್ಲಗೆ ನುಡಿಯುತ್ತದೆ.

ಇಲ್ಲೊಂದು ಬಲೆಯಿದೆ, ಬಹಳ ಮಂದಿ ಬೀಳುವುದು ಇದರಲ್ಲೇ. ಸೆನ್ಸಿಟಿವಿಟಿಯನ್ನು ಕೆಲವು ಕಂಪನಿಗಳು 1 ಮಿಲಿವ್ಯಾಟ್‌ಗೆ ಇಷ್ಟು ಡೆಸಿಬಲ್ ಎಂದು ಬರೆಯುತ್ತವೆ, ಕೆಲವು 1 ವೋಲ್ಟ್‌ಗೆ ಇಷ್ಟು ಎಂದು ಬರೆಯುತ್ತವೆ. ಎರಡೂ ಬೇರೆ ಬೇರೆ ಅಳತೆ. ಒಂದು ಡಬ್ಬದ 96 ಮತ್ತೊಂದರ 103ನ್ನು ನೇರವಾಗಿ ಪಕ್ಕಪಕ್ಕ ಇಟ್ಟು ನೋಡಿದರೆ ಸೇರನ್ನೂ ಕಿಲೋವನ್ನೂ ಒಂದೇ ತಕ್ಕಡಿಗೆ ಹಾಕಿದಂತೆ. ಮಿಲಿವ್ಯಾಟ್ ಲೆಕ್ಕವನ್ನು ವೋಲ್ಟ್ ಲೆಕ್ಕಕ್ಕೆ ತರಲು ಸುಲಭ ಉಪಾಯವಿದೆ. ಹೆಡ್‌ಫೋನ್ 16 ಓಮ್ ಆಗಿದ್ದರೆ ಡಬ್ಬದ ಅಂಕಿಗೆ 18 ಕೂಡಿಸಿ, 32 ಓಮ್ ಆಗಿದ್ದರೆ 15, 64ಕ್ಕೆ 12, 250ಕ್ಕೆ 6, 300ಕ್ಕೆ 5, 600ಕ್ಕೆ 2. ಬರುವ ಮೊತ್ತವೇ 1 ವೋಲ್ಟ್ ಕೊಟ್ಟಾಗ ಕೇಳುವ ಸದ್ದು. ವೋಲ್ಟೇಜ್ ದುಪ್ಪಟ್ಟಾದಾಗ 6 ಡೆಸಿಬಲ್ ಏರುತ್ತದೆ ಎಂಬುದೊಂದನ್ನು ನೆನಪಿಟ್ಟುಕೊಂಡರೆ ಉಳಿದದ್ದು ಬಾಯಿಲೆಕ್ಕ.

ಗುರಿ ಎಷ್ಟಿರಬೇಕು? ಸಂಗೀತದಲ್ಲಿ ಅರೆಕ್ಷಣ ಬಂದುಹೋಗುವ ಅತಿ ಜೋರಿನ ಪೆಟ್ಟಿಗೆ 110 ಡೆಸಿಬಲ್ ತಲುಪುವಷ್ಟು ಶಕ್ತಿಯಿದ್ದರೆ ಯಾರಿಗಾದರೂ ಸಾಕು. ಇದು ಕೇಳುವ ಮಟ್ಟವಲ್ಲ, ಮೀಸಲು ಮಾತ್ರ.

ಅಂಗಡಿಯಲ್ಲಿ ಸಿಗುವ ಹೆಡ್‌ಫೋನ್‌ಗಳಿಗೆ ಲೆಕ್ಕ ಹಾಕಿದರೆ

ಜರ್ಮನಿಯ ಬೇಯರ್‌ಡೈನಮಿಕ್ ಕಂಪನಿಯ ಡಿಟಿ 770 ಪ್ರೊ ಈ ಪಾಠಕ್ಕೆ ಒಳ್ಳೆಯ ಉದಾಹರಣೆ. ನೋಡಲು ಒಂದೇ ತರಹದ ಈ ಹೆಡ್‌ಫೋನ್ 32, 80 ಮತ್ತು 250 ಓಮ್ ಎಂಬ ಮೂರು ಅವತಾರಗಳಲ್ಲಿ ಬಂದಿದೆ. ಸೆನ್ಸಿಟಿವಿಟಿ ಸುಮಾರು 96 ಡೆಸಿಬಲ್, ಅದು ಮಿಲಿವ್ಯಾಟ್ ಲೆಕ್ಕದ್ದು. 110 ಡೆಸಿಬಲ್ ಮುಟ್ಟಲು ಮೂರಕ್ಕೂ 25 ಮಿಲಿವ್ಯಾಟ್ ಬೇಕು. ಆದರೆ ಅಷ್ಟು ಶಕ್ತಿ ಕೊಡಲು 32 ಓಮ್‌ನದ್ದಕ್ಕೆ 0.9 ವೋಲ್ಟ್ ಸಾಕು, 80 ಓಮ್‌ನದ್ದಕ್ಕೆ 1.4 ವೋಲ್ಟ್, 250 ಓಮ್‌ನದ್ದಕ್ಕೆ 2.5 ವೋಲ್ಟ್. ಅದೇ ಕಂಪನಿಯ ಡಿಟಿ 990ರ 600 ಓಮ್ ಆವೃತ್ತಿಗೆ ಹೋದರೆ ಹೆಚ್ಚುಕಡಿಮೆ 4 ವೋಲ್ಟ್ ಬೇಕಾಗುತ್ತದೆ. ಆನ್‌ಲೈನ್‌ನಲ್ಲಿ ಆರ್ಡರ್ ಮಾಡುವಾಗ ಓಮ್ ಯಾವುದೆಂದು ನೋಡದೆ ಗುಂಡಿ ಒತ್ತಿದವರು ಆಂಪ್ ಹುಡುಕುತ್ತಾ ಅಲೆಯುವುದು ಈ ಕಾರಣಕ್ಕೆ. ಫೋನಿಗೆ ಹಾಕಿ ಕೇಳುವವರು ಮೊದಲೇ 32 ಓಮ್‌ನದ್ದನ್ನು ಆರಿಸಿದ್ದರೆ ಅರ್ಧ ಸಮಸ್ಯೆ ಹುಟ್ಟುತ್ತಲೇ ಇರಲಿಲ್ಲ.

ಆಡಿಯೊ ಟೆಕ್ನಿಕಾ ಎಟಿಎಚ್ ಎಂ50ಎಕ್ಸ್ ನಮ್ಮಲ್ಲಿ ಚೆನ್ನಾಗಿ ಮಾರಾಟವಾಗುವ ಹೆಡ್‌ಫೋನ್. 38 ಓಮ್, 99 ಡೆಸಿಬಲ್. ಇದಕ್ಕೆ ಬೇಕಿರುವುದು ಕೇವಲ 0.7 ವೋಲ್ಟ್. ಇದಕ್ಕೆಂದೇ ಪ್ರತ್ಯೇಕ ಆಂಪ್ ಕೊಳ್ಳುವುದು ಸ್ಕೂಟರ್‌ಗೆ ಲಾರಿ ಎಂಜಿನ್ ಕೂರಿಸಿದಂತೆ.

ಸೆನ್‌ಹೈಸರ್ ಎಚ್‌ಡಿ 650ರ ಇಂಪೀಡೆನ್ಸ್ 300 ಓಮ್, ಸೆನ್ಸಿಟಿವಿಟಿ 1 ವೋಲ್ಟ್‌ಗೆ 103 ಡೆಸಿಬಲ್. ಗುರಿ ಮುಟ್ಟಲು 2.2 ವೋಲ್ಟ್ ಬೇಕು. ಶಕ್ತಿ ಲೆಕ್ಕದಲ್ಲಿ ಅದು 17 ಮಿಲಿವ್ಯಾಟ್ ಮಾತ್ರ. 'ಇದನ್ನು ಓಡಿಸಲು ಭಾರಿ ಆಂಪ್ ಬೇಕು' ಎಂಬ ಖ್ಯಾತಿ ಹೊತ್ತ ಹೆಡ್‌ಫೋನ್ ಕೇಳುತ್ತಿರುವುದು ಇಷ್ಟೇ!

ಹಾಗಾದರೆ ನಿಜವಾಗಿಯೂ ಕಷ್ಟ ಕೊಡುವುದು ಯಾವುದು? ಪ್ಲೇನಾರ್ ಮ್ಯಾಗ್ನೆಟಿಕ್ ಎಂಬ ಬಗೆಯ ಕೆಲವು ಹೆಡ್‌ಫೋನ್‌ಗಳು. ಇವುಗಳಲ್ಲಿ ಕೋನ್ ಬದಲು ತೆಳ್ಳನೆಯ ಹಾಳೆಯೊಂದು ಅಯಸ್ಕಾಂತಗಳ ನಡುವೆ ಕಂಪಿಸುತ್ತದೆ. ಹೈಫೈಮ್ಯಾನ್ ಕಂಪನಿಯ ಸುಂದರ (ಹೌದು, ಹೆಸರೇ ಹಾಗೆ, ಕನ್ನಡಿಗರಿಗೆ ಅರ್ಥ ಬಿಡಿಸಿ ಹೇಳಬೇಕಿಲ್ಲ) 37 ಓಮ್, 94 ಡೆಸಿಬಲ್‌ನೊಂದಿಗೆ ಬಂದಾಗ ಅದಕ್ಕೆ ಬೇಕಾದದ್ದು 40 ಮಿಲಿವ್ಯಾಟ್. ವೋಲ್ಟೇಜ್ 1.2 ಸಾಕು, ಆದರೆ ಕರೆಂಟ್ ಎಚ್‌ಡಿ 650 ಎಳೆಯುವುದರ ನಾಲ್ಕು ಪಟ್ಟಿಗಿಂತ ಹೆಚ್ಚು. ಅದೇ ಕಂಪನಿಯ ಹಳೆಯ ಎಚ್‌ಇ 6ಕ್ಕೆ ಬಂದರೆ ಲೆಕ್ಕವೇ ತಲೆಕೆಳಗು. ಅದು ಬರೀ 50 ಓಮ್. ಆದರೆ ಸೆನ್ಸಿಟಿವಿಟಿ 83.5 ಡೆಸಿಬಲ್ ಮಾತ್ರ. 110 ಮುಟ್ಟಲು 450 ಮಿಲಿವ್ಯಾಟ್‌ನಷ್ಟು ಬೇಕು, ಎಚ್‌ಡಿ 650ಗೆ ಬೇಕಾದುದರ ಇಪ್ಪತ್ತಾರು ಪಟ್ಟು! ಇದನ್ನು ಸ್ಪೀಕರ್ ಆಂಪ್ಲಿಫೈಯರ್‌ಗೇ ಜೋಡಿಸಿ ಕೇಳುತ್ತಿದ್ದ ಹವ್ಯಾಸಿಗಳು ಸುಮ್ಮನೆ ಹುಚ್ಚಿಗೆ ಹಾಗೆ ಮಾಡುತ್ತಿರಲಿಲ್ಲ. 'ಓಮ್ ಜಾಸ್ತಿಯಿದ್ದರೆ ಓಡಿಸುವುದು ಕಷ್ಟ' ಎಂಬ ಜನಪ್ರಿಯ ಸೂತ್ರ ಇಲ್ಲಿ ಮುರಿದುಬೀಳುತ್ತದೆ.

ಈಗ ಇತ್ತ ಕಡೆ, ಅಂದರೆ ಕೊಡುವ ಕಡೆ ಏನಿದೆ ನೋಡಿ. ಜಾಕ್ ಇರುವ ಸಾಮಾನ್ಯ ಫೋನ್‌ಗಳು ಅರ್ಧದಿಂದ 1 ವೋಲ್ಟ್ ಕೊಡುತ್ತವೆ. ಆಪಲ್‌ನ ಯುಎಸ್‌ಬಿ ಸಿ ಡಾಂಗಲ್ ಸುಮಾರು 1 ವೋಲ್ಟ್ ಕೊಡುತ್ತದೆ. ಆದರೆ ಕೆಲವು ಆಂಡ್ರಾಯ್ಡ್ ಫೋನ್‌ಗಳಿಗೆ ಅದನ್ನು ಹಾಕಿದರೆ ಡಾಂಗಲ್‌ನೊಳಗಿನ ವಾಲ್ಯೂಮ್ ಕೆಳಮಟ್ಟದಲ್ಲೇ ನಿಂತುಬಿಡುತ್ತದೆ, ಫೋನಿನಲ್ಲಿ ನೂರಕ್ಕೆ ನೂರು ಇಟ್ಟರೂ ಸದ್ದು ಏಳುವುದಿಲ್ಲ. ತಪ್ಪು ಹೆಡ್‌ಫೋನಿನದ್ದಲ್ಲ. ಸ್ವಲ್ಪ ಹೆಚ್ಚು ಬೆಲೆಯ ಡಾಂಗಲ್‌ಗಳು 2 ವೋಲ್ಟ್ ಕೊಡುತ್ತವೆ, ಬ್ಯಾಲೆನ್ಸ್ಡ್ ಜಾಕ್ ಇರುವವು 4 ವೋಲ್ಟ್‌ವರೆಗೂ ಹೋಗುತ್ತವೆ. ಇನ್ನೊಂದು ಸಂಗತಿ ಹಲವರಿಗೆ ಗೊತ್ತೇ ಇಲ್ಲ. 2021ರಲ್ಲಿ ಬಂದ 14 ಮತ್ತು 16 ಇಂಚಿನ ಮ್ಯಾಕ್‌ಬುಕ್ ಪ್ರೊಗಳ ಹೆಡ್‌ಫೋನ್ ಜಾಕ್ ತನಗೆ ಸಿಕ್ಕಿಸಿದ ಹೆಡ್‌ಫೋನ್‌ನ ಓಮ್ ಎಷ್ಟೆಂದು ತಾನೇ ಪತ್ತೆಹಚ್ಚುತ್ತದೆ. 150 ಓಮ್‌ಗಿಂತ ಕಡಿಮೆಯಿದ್ದರೆ 1.25 ವೋಲ್ಟ್‌ವರೆಗೆ, ಅದಕ್ಕಿಂತ ಹೆಚ್ಚಿದ್ದರೆ 3 ವೋಲ್ಟ್‌ವರೆಗೆ ಕೊಡುತ್ತದೆ. ಅಂಥ ಲ್ಯಾಪ್‌ಟಾಪ್ ಆಫೀಸಿನಿಂದ ಸಿಕ್ಕಿದ್ದರೆ ಎಚ್‌ಡಿ 650ಗೆ ಬೇರೆ ಆಂಪ್ ಬೇಕಿಲ್ಲ, ಮೇಲಿನ ಲೆಕ್ಕವೇ ಅದನ್ನು ಹೇಳುತ್ತದೆ.

ನೀವು ಕೇಳುವುದು ಏನು?

ರುಚಿ ಅಂದರೆ ದನಿಯ ಬಣ್ಣ ಮಾತ್ರ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಆದರೆ ಎಷ್ಟು ಶಕ್ತಿ ಬೇಕು ಎಂಬುದೂ ರುಚಿಯ ಮೇಲೆಯೇ ನಿಂತಿದೆ.

ಇತ್ತೀಚಿನ ಸಿನಿಮಾ ಹಾಡುಗಳನ್ನು ಸ್ಟುಡಿಯೊದಲ್ಲಿ ಒತ್ತಿ ಒತ್ತಿ ಜೋರು ಮಾಡಿರುತ್ತಾರೆ. ಮೆಲುದನಿಗೂ ಅಬ್ಬರಕ್ಕೂ ಅಂತರ ಕಡಿಮೆ. ಸರಾಸರಿ ಮಟ್ಟಕ್ಕಿಂತ ಪೆಟ್ಟುಗಳು 8ರಿಂದ 10 ಡೆಸಿಬಲ್ ಮೇಲಿದ್ದರೆ ಹೆಚ್ಚು. ಹೀಗಾಗಿ 1 ವೋಲ್ಟ್‌ನ ಡಾಂಗಲ್‌ನಲ್ಲಿ ಎಚ್‌ಡಿ 650 ಹಾಕಿದರೂ ಸರಾಸರಿ 93 ಡೆಸಿಬಲ್ ಸಿಗುತ್ತದೆ. ಅದು ಕಿವಿಗೆ ಒಳ್ಳೆಯದಲ್ಲದಷ್ಟು ಜೋರು.

ಕರ್ನಾಟಕ ಸಂಗೀತ ಕಛೇರಿಯ ಒಂದು ಒಳ್ಳೆಯ ಲೈವ್ ರೆಕಾರ್ಡಿಂಗ್ ಹಾಕಿ ನೋಡಿ. ಆಲಾಪನೆಯ ಹೊತ್ತಿನಲ್ಲಿ ತಂಬೂರಿಯ ಶ್ರುತಿ ಕೇಳಿಸಲೆಂದು ವಾಲ್ಯೂಮ್ ಏರಿಸಿರುತ್ತೀರಿ. ತನಿ ಆವರ್ತನಕ್ಕೆ ಬಂದಾಗ ಮೃದಂಗದ ಪೆಟ್ಟು ಸರಾಸರಿಗಿಂತ 20 ಡೆಸಿಬಲ್ ಮೇಲೆ ಜಿಗಿಯಬಹುದು. 20 ಡೆಸಿಬಲ್ ಅಂದರೆ ನೂರು ಪಟ್ಟು ಶಕ್ತಿ. ಆಂಪ್‌ನಲ್ಲಿ ಅಷ್ಟು ಮೀಸಲು ಇಲ್ಲದಿದ್ದರೆ ಪೆಟ್ಟಿನ ತುದಿ ಕತ್ತರಿಸಿಹೋಗಿ ಚಾಪು ಮೊಂಡಾಗಿ ಕೇಳುತ್ತದೆ. ಹಿಂದೂಸ್ತಾನಿ ಖಯಾಲಿನ ವಿಲಂಬಿತ್, ಪಾಶ್ಚಾತ್ಯ ಆರ್ಕೆಸ್ಟ್ರಾ ಎಲ್ಲಕ್ಕೂ ಇದೇ ಮಾತು. ಇಂಥ ಧ್ವನಿಮುದ್ರಣಗಳನ್ನು ಕಡಿಮೆ ಮಟ್ಟದಲ್ಲೇ ಮುದ್ರಿಸಿರುವುದೂ ಉಂಟು, ಆಗ ಇನ್ನಷ್ಟು ಶಕ್ತಿ ಬೇಕು. ಶಾಸ್ತ್ರೀಯ ಸಂಗೀತ ಕೇಳುವವರು 110ರ ಗುರಿಯನ್ನು ಬಿಟ್ಟುಕೊಡಬಾರದು.

ಹಳೆಯ ಚಿತ್ರಗೀತೆ, ಆಕಾಶವಾಣಿಯ ಹಳೆಯ ಮುದ್ರಿಕೆಗಳ ಅಭಿಮಾನಿಗಳಿಗೆ ಮಾತ್ರ ಆಂಪ್‌ನಿಂದ ಸಿಗುವ ಲಾಭ ತೀರಾ ಕಡಿಮೆ. ಅಲ್ಲಿನ ಮಿತಿ ಮೂಲ ಮುದ್ರಣದಲ್ಲೇ ಇದೆ. ಎಷ್ಟೇ ಸ್ವಚ್ಛವಾದ ಆಂಪ್ ಹಾಕಿದರೂ ಅದು ಟೇಪಿನ ಸುಯ್ ಎಂಬ ಸದ್ದನ್ನೂ ಅಷ್ಟೇ ಸ್ವಚ್ಛವಾಗಿ ಕೇಳಿಸುತ್ತದೆ.

ಬೇಸ್ ಜಾಸ್ತಿ ಬೇಕು ಎನ್ನುವವರಿಗೆ ಒಂದು ಮುಖ್ಯ ಮಾತು. ಬೇಸ್ ಹೆಚ್ಚಿಸಲು ಆಂಪ್ ಬದಲಿಸುವುದಕ್ಕಿಂತ ಈಕ್ವಲೈಸರ್ ಬಳಸುವುದು ಅಗ್ಗ, ಪರಿಣಾಮವೂ ಹೆಚ್ಚು. ವಿಂಡೋಸ್‌ಗೆ ಈಕ್ವಲೈಸರ್ ಎಪಿಒ ಎಂಬ ಉಚಿತ ತಂತ್ರಾಂಶವಿದೆ. ಆಂಡ್ರಾಯ್ಡ್‌ನ ವೇವ್‌ಲೆಟ್ ಆ್ಯಪ್‌ನಲ್ಲಿ ಸಾವಿರಾರು ಹೆಡ್‌ಫೋನ್ ಮಾದರಿಗಳಿಗೆ ಸಿದ್ಧ ಸೆಟ್ಟಿಂಗ್ ಸಿಗುತ್ತದೆ. ಆದರೆ ಬೇಸ್ 6 ಡೆಸಿಬಲ್ ಎತ್ತಬೇಕಾದರೆ ದನಿ ಒಡೆಯದಂತೆ ಒಟ್ಟು ಮಟ್ಟವನ್ನು 6 ಡೆಸಿಬಲ್ ಇಳಿಸಬೇಕು. ಅದನ್ನು ತುಂಬಿಕೊಳ್ಳಲು ಆಂಪ್ ಎರಡು ಪಟ್ಟು ವೋಲ್ಟೇಜ್, ನಾಲ್ಕು ಪಟ್ಟು ಶಕ್ತಿ ಕೊಡಬೇಕು. ಈಕ್ವಲೈಸರ್ ಬಳಸುವವರಿಗೆ ಸ್ವಲ್ಪ ದೊಡ್ಡ ಆಂಪ್ ಬೇಕೆನ್ನಲು ಇದು ಗಟ್ಟಿ ಕಾರಣ.

ಜಾಹೀರಾತಿನ ವ್ಯಾಟ್ ನಂಬಬೇಕೇ?

ಡಬ್ಬದ ಮೇಲೆ '1 ವ್ಯಾಟ್' ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಕೆಳಗೆ ಸಣ್ಣಕ್ಷರದಲ್ಲಿ '32 ಓಮ್‌ನಲ್ಲಿ' ಎಂದಿರುತ್ತದೆ. 32 ಓಮ್‌ಗೆ 1 ವ್ಯಾಟ್ ಅಂದರೆ 5.7 ವೋಲ್ಟ್. ಅಷ್ಟೇ ವೋಲ್ಟೇಜ್ 300 ಓಮ್ ಹೆಡ್‌ಫೋನ್‌ಗೆ ಹೋದರೆ ಸಿಗುವುದು ಸುಮಾರು 107 ಮಿಲಿವ್ಯಾಟ್. ಅದು ಸಾಲದು ಎಂದಲ್ಲ, ಎಚ್‌ಡಿ 650ಗೆ ಬೇಕಿರುವುದು 17 ಅಷ್ಟೇ. ಆದರೆ ನಿಮ್ಮ ಹೆಡ್‌ಫೋನ್‌ನ ಓಮ್‌ಗೆ ಎಷ್ಟು ಸಿಗುತ್ತದೆ ಎಂದು ಕೇಳಬೇಕೇ ಹೊರತು ದಪ್ಪಕ್ಷರ ನೋಡಿ ಮರುಳಾಗಬಾರದು. 1 ವ್ಯಾಟ್‌ನದ್ದನ್ನು ಬಿಟ್ಟು 2 ವ್ಯಾಟ್‌ನದ್ದಕ್ಕೆ ದುಪ್ಪಟ್ಟು ಬೆಲೆ ತೆತ್ತರೆ ಸಿಗುವುದು 3 ಡೆಸಿಬಲ್ ಹೆಚ್ಚು. ವಾಲ್ಯೂಮ್ ಒಂದೆರಡು ಮೆಟ್ಟಿಲು ಏರಿಸಿದಷ್ಟು.

ಮೂರನೆಯ ಅಂಕಿ, ಆಂಪ್‌ನದ್ದು

ಹೆಡ್‌ಫೋನ್‌ಗೆ ಇಂಪೀಡೆನ್ಸ್ ಇರುವಂತೆ ಆಂಪ್‌ನ ಔಟ್‌ಪುಟ್‌ಗೂ ಒಂದು ಇಂಪೀಡೆನ್ಸ್ ಇದೆ. ಕಂಪನಿಗಳು ಇದನ್ನು ಎಷ್ಟೋ ಸಲ ಬರೆಯುವುದೇ ಇಲ್ಲ. ಆದರೆ ಆಂಪ್ ಬದಲಾದಾಗ ದನಿಯ ಬಣ್ಣ ಬದಲಾಯಿತು ಎಂದು ಜನ ಹೇಳುವುದರ ಹಿಂದೆ ಅನೇಕ ಬಾರಿ ಇರುವುದು ಇದೇ ಅಂಕಿ.

ಅನೇಕ ಹೆಡ್‌ಫೋನ್‌ಗಳ ಓಮ್ ಎಲ್ಲ ಸ್ವರಗಳಿಗೂ ಒಂದೇ ಇರುವುದಿಲ್ಲ. ಎಚ್‌ಡಿ 650 ಹೆಸರಿಗೆ 300 ಓಮ್, ಆದರೆ 100 ಹರ್ಟ್ಸ್ ಆಸುಪಾಸಿನ ಬೇಸ್‌ನಲ್ಲಿ ಅದು 500ರ ಹತ್ತಿರ ಹೋಗುತ್ತದೆ. ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್ 1 ಓಮ್ ಆಗಿದ್ದರೆ ಇದರಿಂದ ಏನೂ ಆಗುವುದಿಲ್ಲ. 120 ಓಮ್ ಆಗಿದ್ದರೆ ಬೇಸ್ ಭಾಗಕ್ಕೆ ಉಳಿದದ್ದಕ್ಕಿಂತ ಸುಮಾರು 1 ಡೆಸಿಬಲ್ ಹೆಚ್ಚು ಸಿಗುತ್ತದೆ. ದನಿ ಕೊಂಚ ತುಂಬಿಕೊಂಡಂತೆ, ಬೆಚ್ಚಗಿರುವಂತೆ ಕೇಳುತ್ತದೆ. ಕೆಲವರಿಗೆ ಇದೇ ಇಷ್ಟ. ಅಮೆರಿಕದ ಬಾಟಲ್‌ಹೆಡ್ ಕ್ರ್ಯಾಕ್ ಎಂಬ ವಾಲ್ವ್ ಆಂಪ್ ಕಿಟ್ ಸೆನ್‌ಹೈಸರ್‌ನ 300 ಓಮ್ ಹೆಡ್‌ಫೋನ್‌ಗಳಿಗೆ ಹೇಳಿ ಮಾಡಿಸಿದ ಜೋಡಿ ಎನಿಸಿಕೊಂಡದ್ದರಲ್ಲಿ ಈ ಲೆಕ್ಕದ ಪಾಲೂ ಇದೆ.

ಇದೇ 120 ಓಮ್‌ಗೆ ಹಳೆಯ ಚರಿತ್ರೆಯೊಂದಿದೆ. 1996ರ ಐಇಸಿ 61938 ಎಂಬ ಅಂತರರಾಷ್ಟ್ರೀಯ ಮಾನದಂಡ ಹೆಡ್‌ಫೋನ್ ಔಟ್‌ಪುಟ್‌ಗೆ 120 ಓಮ್ ಶಿಫಾರಸು ಮಾಡಿತ್ತು. ಮನೆಯ ಅಟ್ಟದ ಮೇಲಿರುವ ಹಳೆಯ ಸ್ಟೀರಿಯೊ ಸೆಟ್‌ನ ಹೆಡ್‌ಫೋನ್ ಜಾಕ್‌ಗೆ ಇಂದಿನ 16 ಓಮ್ ಇಯರ್‌ಫೋನ್ ಹಾಕಿದರೆ ದನಿ ವಿಚಿತ್ರವಾಗಿ ಕೇಳುವುದು ಅದಕ್ಕೇ. ಆ ಸೆಟ್‌ಗಳ ಔಟ್‌ಪುಟ್ ಇಂಪೀಡೆನ್ಸ್ ಬಹಳ ಹೆಚ್ಚು.

ಈ ವಿಷಯವನ್ನು ಸಾಮಾನ್ಯ ಕೊಳ್ಳುಗರ ಮಾತಿಗೆ ತಂದವನು ಎನ್‌ಡಬ್ಲ್ಯುಎವಿಗೈ ಎಂಬ ಗುಪ್ತನಾಮದ ಎಂಜಿನಿಯರ್. ದುಬಾರಿ ಆಂಪ್‌ಗಳನ್ನು ಅಳತೆಯಂತ್ರಕ್ಕೆ ಜೋಡಿಸಿ ಒಂದೊಂದರ ಬಣ್ಣ ಬಯಲು ಮಾಡಿದ ಈತ, 2011ರಲ್ಲಿ ಎರಡು 9 ವೋಲ್ಟ್ ಬ್ಯಾಟರಿಯಿಂದ ನಡೆಯುವ ಓ2 ಎಂಬ ಅಗ್ಗದ ಆಂಪ್‌ನ ವಿನ್ಯಾಸವನ್ನು ಯಾರು ಬೇಕಾದರೂ ಮಾಡಿಕೊಳ್ಳಿ ಎಂದು ಬಿಟ್ಟುಕೊಟ್ಟ. 2012ರಲ್ಲಿ ಇದ್ದಕ್ಕಿದ್ದಂತೆ ಮೌನವಾದ. ಹೆಡ್‌ಫೋನ್‌ನ ಓಮ್ ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್‌ಗಿಂತ ಕನಿಷ್ಠ ಎಂಟು ಪಟ್ಟಿರಬೇಕು ಎಂದು ಆತ ಒತ್ತಿ ಹೇಳಿದ ಸೂತ್ರ ಇಂದಿಗೂ ಚಾಲ್ತಿಯಲ್ಲಿದೆ. ಅಂದರೆ 32 ಓಮ್ ಹೆಡ್‌ಫೋನ್‌ಗೆ ಔಟ್‌ಪುಟ್ 4 ಓಮ್ ಮೀರಬಾರದು, 16 ಓಮ್‌ನದ್ದಕ್ಕೆ 2 ಓಮ್.

ಕಿವಿಯೊಳಗಿನ ಇಯರ್‌ಫೋನ್‌ಗಳಿಗೆ ಈ ಸೂತ್ರ ಎಲ್ಲಕ್ಕಿಂತ ಮುಖ್ಯ. ಬ್ಯಾಲೆನ್ಸ್ಡ್ ಆರ್ಮೇಚರ್ ಎಂಬ ಪುಟ್ಟ ಡ್ರೈವರ್‌ಗಳನ್ನು ನಾಲ್ಕೈದು ಸೇರಿಸಿ ಮಾಡಿದ ಇಯರ್‌ಫೋನ್ ಒಂದು ಸ್ವರಕ್ಕೆ 8 ಓಮ್, ಇನ್ನೊಂದಕ್ಕೆ 40 ಓಮ್ ಇದೆ ಎಂದಿಟ್ಟುಕೊಳ್ಳಿ. ಔಟ್‌ಪುಟ್ ಇಂಪೀಡೆನ್ಸ್ 1 ಓಮ್ ಇದ್ದಾಗ ಎರಡರ ನಡುವೆ ಆಗುವ ಏರುಪೇರು 1 ಡೆಸಿಬಲ್ ಕೂಡ ಇಲ್ಲ. 10 ಓಮ್ ಆದರೆ 5 ಡೆಸಿಬಲ್! ತಯಾರಕರು ಹದಗೊಳಿಸಿದ್ದ ದನಿ ಪೂರ್ತಿ ಬೇರೆಯಾಗಿ ಕೇಳುತ್ತದೆ. ಪ್ಲೇನಾರ್ ಹೆಡ್‌ಫೋನ್‌ಗಳಿಗೆ ಈ ಕಾಟವಿಲ್ಲ, ಅವುಗಳ ಓಮ್ ಎಲ್ಲ ಸ್ವರಕ್ಕೂ ಬಹುತೇಕ ಒಂದೇ.

ಇಯರ್‌ಫೋನ್‌ನಲ್ಲಿ ಸುಯ್ ಎನ್ನುವ ಸದ್ದೇಕೆ?

'ಶಕ್ತಿ ಜಾಸ್ತಿಯಿದ್ದರೆ ಒಳ್ಳೆಯದೇ ಅಲ್ಲವೇ' ಎಂದು ದೊಡ್ಡ ಆಂಪ್ ತಂದು ಅದಕ್ಕೆ ಇಯರ್‌ಫೋನ್ ಸಿಕ್ಕಿಸುವವರಿಗೆ ಸಿಗುವ ಮೊದಲ ಬಹುಮಾನ ಇದು. ಶೂರ್ ಎಸ್‌ಇ 846 ಇಯರ್‌ಫೋನ್ 9 ಓಮ್, 1 ಮಿಲಿವ್ಯಾಟ್‌ಗೆ 114 ಡೆಸಿಬಲ್. ವೋಲ್ಟ್ ಲೆಕ್ಕಕ್ಕೆ ತಂದರೆ 134 ಡೆಸಿಬಲ್ ದಾಟುತ್ತದೆ. ಆಂಪ್‌ನಲ್ಲಿ 10 ಮೈಕ್ರೊವೋಲ್ಟ್, ಅಂದರೆ ವೋಲ್ಟಿನ ಲಕ್ಷದಲ್ಲೊಂದು ಪಾಲಿನಷ್ಟು ಸದ್ದು ಉಳಿದಿದ್ದರೂ ಅದು ಈ ಇಯರ್‌ಫೋನ್‌ನಲ್ಲಿ 34 ಡೆಸಿಬಲ್ ಆಗಿ ಕೇಳುತ್ತದೆ. ರಾತ್ರಿ ಮಲಗುವ ಕೋಣೆಯಲ್ಲಿ ಸ್ಪಷ್ಟವಾಗಿ ಕಿವಿಗೆ ಬೀಳುವ ಮಟ್ಟ. ಅದೇ ಆಂಪ್‌ಗೆ ಎಚ್‌ಡಿ 650 ಹಾಕಿದರೆ ಆ ಸದ್ದು 3 ಡೆಸಿಬಲ್, ಕೇಳುವುದೇ ಇಲ್ಲ.

ಇನ್ನೊಂದು ಕಿರಿಕಿರಿ ವಾಲ್ಯೂಮ್ ಗುಬುಟಿನದ್ದು. ಶಕ್ತಿಶಾಲಿ ಆಂಪ್‌ನಲ್ಲಿ ಇಯರ್‌ಫೋನ್ ಹಾಕಿದಾಗ ಗುಬುಟು ಒಂದಿಷ್ಟು ತಿರುಗಿಸುವಷ್ಟರಲ್ಲೇ ಕಿವಿ ಗಡಚಿಕ್ಕುತ್ತದೆ. ಗುಬುಟು ತೀರಾ ಕೆಳಗಿದ್ದಾಗ ಎಡ ಬಲ ಎರಡೂ ಸಮನಾಗಿರುವುದಿಲ್ಲ, ಹಾಡುಗಾರ ಒಂದು ಪಕ್ಕಕ್ಕೆ ಸರಿದಂತೆ ಕೇಳುತ್ತದೆ. ಗೇನ್ ಸ್ವಿಚ್ ಇರುವುದು ಇದಕ್ಕಾಗಿ. ಇಯರ್‌ಫೋನ್‌ಗೆ ಲೋ, ಹೆಚ್ಚು ಓಮ್‌ನ ಹೆಡ್‌ಫೋನ್‌ಗೆ ಹೈ. ಹೈ ಗೇನ್‌ನಲ್ಲಿ ದನಿ 'ಚೆನ್ನಾಗಿ' ಕೇಳುವುದು ಜೋರಾಗಿರುವ ಕಾರಣಕ್ಕಷ್ಟೇ. ಇಯರ್‌ಫೋನ್ ಮಾತ್ರ ಬಳಸುವವರು ಶಕ್ತಿಯ ಬದಲು ಕಡಿಮೆ ನಾಯ್ಸ್, 1 ಓಮ್ ಅಥವಾ ಅದಕ್ಕೂ ಕಡಿಮೆ ಔಟ್‌ಪುಟ್ ಇಂಪೀಡೆನ್ಸ್ ನೋಡಿ ಕೊಂಡರೆ ಸಾಕು. ಒಳ್ಳೆಯ ಡಾಂಗಲ್‌ಗಳಲ್ಲಿ ಇವೆರಡೂ ಸಿಗುತ್ತವೆ.

ವಾಲ್ವ್ ಬೇಕೇ, ಬೇಡವೇ?

ಅಜ್ಜನ ಕಾಲದ ವಾಲ್ವ್ ರೇಡಿಯೊ ಬೆಚ್ಚಗಾಗಲು ಕಾಯುತ್ತಿದ್ದವರಿಗೆ ಈ ಆಂಪ್‌ಗಳ ಕೆಂಪು ಬೆಳಕು ಹಳೆಯ ನೆನಪು ತರುತ್ತದೆ. ವಾಲ್ವ್ ಆಂಪ್ ದನಿಗೆ ತನ್ನದೇ ಒಂದಿಷ್ಟು ಬಣ್ಣ ಸೇರಿಸುತ್ತದೆ. ಮೂಲ ಸ್ವರದ ಮೇಲಿನ ಸ್ಥಾಯಿಯ ಸ್ವರ ಲೇಶಮಾತ್ರ ಬೆರೆಯುತ್ತದೆ, ಅದು ಕಿವಿಗೆ ಹಿತವಾಗಿಯೇ ಇರುತ್ತದೆ. ಇದು ನಿಖರತೆಯಲ್ಲ, ಒಗ್ಗರಣೆ. ಬೇಕಾದವರು ಬೇಕೆಂದೇ ಹಾಕಿಸಿಕೊಳ್ಳಬಹುದು. ಆದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ವಾಲ್ವ್ ಆಂಪ್‌ಗೆ, ಉದಾಹರಣೆಗೆ ಡಾರ್ಕ್‌ವಾಯ್ಸ್ 336ಎಸ್‌ಇಗೆ, 32 ಓಮ್ ಹೆಡ್‌ಫೋನ್ ಹಾಕಿದರೆ ಬೇಸ್ ಮಂಕಾಗಿ ಒಡೆದು ಕೇಳುತ್ತದೆ. ಅವು ಇರುವುದು 250, 300, 600 ಓಮ್‌ನವಕ್ಕೆ. ಜೊತೆಗೆ ಕಾವು. ಚೆನ್ನೈನ ಮೇ ತಿಂಗಳಲ್ಲಿ ಮುಚ್ಚಿದ ಕೋಣೆಯಲ್ಲಿ ಅದರ ಪಕ್ಕ ಕೂರುವವರಿಗೆ ಬೇರೆ ಎಚ್ಚರಿಕೆ ಬೇಕಿಲ್ಲ.

ಟ್ರಾನ್ಸಿಸ್ಟರ್ ಅಥವಾ ಐಸಿ ಆಧಾರಿತ ಇಂದಿನ ಒಳ್ಳೆಯ ಆಂಪ್‌ಗಳ ನಡುವೆ ವ್ಯತ್ಯಾಸ ಎಷ್ಟಿದೆ? ಔಟ್‌ಪುಟ್ ಇಂಪೀಡೆನ್ಸ್ ಕಡಿಮೆಯಿದ್ದು, ಶಕ್ತಿ ಸಾಕಷ್ಟಿದ್ದು, ವಾಲ್ಯೂಮ್ ಸಮ ಮಾಡಿಟ್ಟರೆ ಹೆಚ್ಚಿನವರಿಗೆ ಯಾವುದು ಯಾವುದೆಂದು ಗುರುತಿಸುವುದು ಬಹಳ ಕಷ್ಟ. 'ಈ ಆಂಪ್‌ನಲ್ಲಿ ವೇದಿಕೆ ವಿಶಾಲವಾಯಿತು' ಎಂಬಂಥ ಮಾತುಗಳನ್ನು ಓದುವಾಗ, ಹೋಲಿಸಿದವರು ವಾಲ್ಯೂಮ್ ಸಮ ಮಾಡಿದ್ದರೇ ಎಂದು ಮೊದಲು ನೋಡಿ. 1 ಡೆಸಿಬಲ್ ಜೋರಿದ್ದರೂ ಕಿವಿ ಅದನ್ನು 'ಉತ್ತಮ' ಎಂದೇ ಓದಿಕೊಳ್ಳುತ್ತದೆ. ದನಿಯ ಸ್ವಭಾವ ಬದಲಿಸಲು ಕೂಡಿಟ್ಟ ದುಡ್ಡಿದ್ದರೆ ಅದನ್ನು ಬೇರೆ ಹೆಡ್‌ಫೋನ್‌ಗೆ ಹಾಕುವುದೇ ಜಾಣತನ.

4.4 ಮಿಲಿಮೀಟರ್ ಬ್ಯಾಲೆನ್ಸ್ಡ್ ಜಾಕ್ ಬಗ್ಗೆ ಚುಟುಕಾಗಿ: ವೋಲ್ಟೇಜ್ ದುಪ್ಪಟ್ಟು ಸಿಗುತ್ತದೆ, ಜೊತೆಗೆ ಔಟ್‌ಪುಟ್ ಇಂಪೀಡೆನ್ಸ್ ಕೂಡ ದುಪ್ಪಟ್ಟಾಗುತ್ತದೆ. ಸಾಮಾನ್ಯ ಮೂರು ಪಟ್ಟಿಯ ಪಿನ್ ಇರುವ ಹೆಡ್‌ಫೋನ್ ಅನ್ನು ಅಡಾಪ್ಟರ್ ಹಾಕಿ ಬ್ಯಾಲೆನ್ಸ್ಡ್ ಔಟ್‌ಪುಟ್‌ಗೆ ಸಿಕ್ಕಿಸಬೇಡಿ. ಎಡ ಬಲ ಎರಡರ ಮೈನಸ್ ತಂತಿಗಳು ಒಂದಕ್ಕೊಂದು ಶಾರ್ಟ್ ಆಗಿ ಆಂಪ್ ಸುಟ್ಟುಹೋಗಬಹುದು.

ಗುಂಯ್ ಎನ್ನುವ ಸದ್ದು, ಅಮೆರಿಕದಿಂದ ಬಂದ ಅಡಾಪ್ಟರ್

ಲ್ಯಾಪ್‌ಟಾಪ್‌ಗೆ ಆಂಪ್ ಜೋಡಿಸಿದಾಗ ಗುಂಯ್ ಎಂಬ ಸದ್ದು ಬರುತ್ತಿದ್ದರೆ ಚಾರ್ಜರ್ ತೆಗೆದು ನೋಡಿ. ಸದ್ದು ನಿಂತರೆ ತಪ್ಪು ಆಂಪ್‌ನದ್ದಲ್ಲ. ಲ್ಯಾಪ್‌ಟಾಪ್‌ನ ಲೋಹದ ಮೈ ಮುಟ್ಟಿದಾಗ ಬೆರಳಿಗೆ ಜುಮ್ ಎನ್ನುವುದೂ ಇದೇ ಸಂಬಂಧದ ತೊಂದರೆ. ಅರ್ಥಿಂಗ್ ಇಲ್ಲದ ಎರಡು ಪಿನ್ ಚಾರ್ಜರ್‌ಗಳಲ್ಲಿ, ಅರ್ಥಿಂಗ್ ಕೆಟ್ಟಿರುವ ಹಳೆಯ ಬಾಡಿಗೆ ಮನೆಗಳ ಸಾಕೆಟ್‌ಗಳಲ್ಲಿ ಇದು ಮಾಮೂಲು. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಸರಿಮಾಡಿಸುವುದು ಪರಿಹಾರ. ಪ್ಲಗ್‌ನ ಮೂರನೆಯ ಪಿನ್ ಮುರಿದುಹಾಕುವುದು ಪ್ರಾಣಕ್ಕೆ ಅಪಾಯ.

ಅಮೆರಿಕದಲ್ಲಿರುವ ಅಕ್ಕನೋ ಭಾವನೋ ಬರುವಾಗ ಆಂಪ್ ತರಿಸುವವರು ಒಂದು ಮಾತು ಮೊದಲೇ ಹೇಳಿಬಿಡಿ. ಫೋನ್ ಚಾರ್ಜರ್‌ನಂತೆ ಎಲ್ಲ ಆಂಪ್‌ಗಳ ಅಡಾಪ್ಟರ್ 100ರಿಂದ 240 ವೋಲ್ಟ್‌ವರೆಗೆ ಹೊಂದಿಕೊಳ್ಳುವುದಿಲ್ಲ. ಹಲವು ಡೆಸ್ಕ್ ಆಂಪ್‌ಗಳಲ್ಲಿ ಇರುವುದು ಹಳೆಯ ಬಗೆಯ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್, ಅದನ್ನು ಮಾಡಿರುವುದು ಅಲ್ಲಿನ 120 ವೋಲ್ಟ್‌ಗೆ. ನಮ್ಮ 230 ವೋಲ್ಟ್‌ಗೆ ಹಾಕಿದರೆ ಸುಟ್ಟ ವಾಸನೆ ಬರುತ್ತದೆ, ವಾರಂಟಿ ಬರುವುದಿಲ್ಲ. 230 ವೋಲ್ಟ್‌ನ ಅಡಾಪ್ಟರ್ ಮುಂಬೈನ ಲ್ಯಾಮಿಂಗ್ಟನ್ ರಸ್ತೆಯಲ್ಲೋ ಚೆನ್ನೈನ ರಿಚಿ ಸ್ಟ್ರೀಟ್‌ನಲ್ಲೋ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲೋ ಹುಡುಕಿದರೆ ಸಿಗಬಹುದು. ಆದರೆ ಅಂಗಡಿಯವರಿಗೆ ವೋಲ್ಟೇಜ್ ಮಾತ್ರವಲ್ಲ, ಔಟ್‌ಪುಟ್ ಎಸಿಯೋ ಡಿಸಿಯೋ ಎಂಬುದನ್ನೂ ಹೇಳಬೇಕು. ಎಸಿ ಬೇಡುವ ಆಂಪ್‌ಗೆ ಡಿಸಿ ಅಡಾಪ್ಟರ್ ನಡೆಯದು.

ಕಿವಿಯ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರು 80 ಡೆಸಿಬಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. ಮಟ್ಟ 3 ಡೆಸಿಬಲ್ ಏರಿದಂತೆಲ್ಲ ಸಮಯ ಅರ್ಧವಾಗುತ್ತದೆ. 90 ಡೆಸಿಬಲ್ ಆದರೆ ವಾರಕ್ಕೆ 4 ಗಂಟೆ, 95ಕ್ಕೆ ಒಂದೂಕಾಲು ಗಂಟೆ ಮಾತ್ರ. ಮಕ್ಕಳಿಗೆ 40 ಗಂಟೆಯ ಮಿತಿ 75 ಡೆಸಿಬಲ್‌ಗೇ ಮುಗಿಯುತ್ತದೆ. ಲೋಕಲ್ ರೈಲಿನಲ್ಲಿ, ಮೆಟ್ರೋದಲ್ಲಿ ಹೊರಗಿನ ಗದ್ದಲ ಮುಚ್ಚಲೆಂದು ವಾಲ್ಯೂಮ್ ಏರಿಸುವವರಿಗೆ ಬೇಕಿರುವುದು ಆಂಪ್ ಅಲ್ಲ, ಹೊರಸದ್ದು ತಡೆಯುವಂತೆ ಕಿವಿಗೆ ಸರಿಯಾಗಿ ಕೂರುವ ಇಯರ್‌ಟಿಪ್. ಡಬ್ಬದಲ್ಲಿ ಬಂದ ಮೂರ್ನಾಲ್ಕು ಅಳತೆಯ ಟಿಪ್‌ಗಳನ್ನು ಹಾಕಿ ನೋಡದೇ ಇರುವವರೇ ಹೆಚ್ಚು. ಸಡಿಲವಾಗಿ ಕೂತ ಟಿಪ್‌ನಿಂದ ಸೋರಿಹೋಗುವ ಬೇಸ್ ಅನ್ನು ಯಾವ ಆಂಪ್ ಕೂಡ ಹಿಂದಕ್ಕೆ ತರಲಾರದು.

ಅಂಗಡಿಗೆ ಹೋಗಿ ಕೇಳಿ ಕೊಳ್ಳುವ ಅವಕಾಶವಿದ್ದರೆ ನಿಮ್ಮದೇ ಹೆಡ್‌ಫೋನ್, ನಿಮ್ಮದೇ ಫೋನ್ ಒಯ್ಯಿರಿ. ಚೆನ್ನಾಗಿ ಪರಿಚಯವಿರುವ ಎರಡು ಧ್ವನಿಮುದ್ರಣ ಇರಲಿ, ಒಂದು ಮೆಲ್ಲಗಿನದು, ಒಂದು ಅಬ್ಬರದ್ದು. ಮೆಲ್ಲಗಿನದರಲ್ಲಿ ನಿಮಗೆ ಬೇಕಾದಷ್ಟು ಜೋರು ಬರುವಾಗ ಗುಬುಟು ಎಲ್ಲಿ ನಿಂತಿದೆ ನೋಡಿ. ಅರ್ಧದಿಂದ ಮುಕ್ಕಾಲಿನ ನಡುವೆ ನಿಂತಿದ್ದರೆ ಜೋಡಿ ಸರಿಯಾಗಿದೆ. ಆಮೇಲೆ ಹಾಡು ನಿಲ್ಲಿಸಿ, ಗುಬುಟನ್ನು ಹಾಗೇ ಬಿಟ್ಟು, ಸುಮ್ಮನೆ ಅರ್ಧ ನಿಮಿಷ ಕೇಳಿ. ಅಂಗಡಿಯ ಎಸಿ ಸದ್ದು ಬಿಟ್ಟರೆ ಬೇರೇನೂ ಕೇಳಬಾರದು.